ಕಿಟಕಿ ಪಕ್ಕದ ಶಾಟ್

೧೪ನೇ ತಾರೀಕು, ಭಾನುವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ಶೂಟಿಂಗ್ ಮುಗಿದ ಮೇಲೆ ನೀನು ನನ್ನ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಕಾಗದ ಬರೆಯೋಣವೆಂದು ಕೂತಾಗಲೆಲ್ಲ ಏನಾದರೊಂದು ನೆಪ ಮಾಡಿಕೊಂಡು ಎದ್ದುಬಿಡುತ್ತಿದ್ದೆ. ತಡವಾಯಿತು, ಬೈದುಬಿಡು.

ನಿನ್ನೆ ನಮ್ಮ ಸಿನಿಮಾ ನೋಡಿ ಬಂದೆವು. ಮಗಳು ನಾಯಕಿ, ಗಂಡ ಕ್ಯಾಮೆರಾಮನ್ ಆದರೂ ನಿನ್ನಮ್ಮ ಟಿಕೆಟ್ ಕೊಂಡೇ ನೋಡಬೇಕೆಂದು ಹಟ ಹಿಡಿದಳು. ನೀನೂ ನಾಯಕನೂ ಸೇತುವೆ ಮೇಲೆ ಮೊದಲು ಭೇಟಿಯಾಗುವ ದೃಶ್ಯ ಬಂತು. ನಿಮ್ಮ ಸುತ್ತ ಕ್ಯಾಮೆರಾ ತಿರುಗಿಸಿ, ಸ್ಲೋ ಮೋಷನ್‌ನಲ್ಲಿ ನಿನ್ನ ಕೂದಲು ಹಾರಿಸಿ ಮೆರೆದಿದ್ದೆನಲ್ಲ, ಅದೇ. ಹಿಂದಿನ ಸೀಟಿನ ಅಜ್ಜಿ, "ಅಯ್ಯೋ, ತಲೆ ತಿರುಗುತ್ತೆ! ಆ ಹುಡುಗಿ ಮುಖ ನೋಡೋಕಾದ್ರೂ ಬಿಡ್ರಪ್ಪಾ" ಅಂದರು. ನಿನ್ನಮ್ಮ ಕಿಸಕ್ಕನೆ ನಕ್ಕಳು. ಮೂವತ್ತು ವರ್ಷದ ಕಸುಬು ನನ್ನದು! ಆದರೂ ಅಜ್ಜಿ ಹೇಳಿದ್ದೇ ಸರಿ. ನಾನು ಜಾಣತನ ತೋರಿಸಿದ ಕಡೆಯೆಲ್ಲ ನಿಮ್ಮ ಪ್ರೀತಿ ಕಾಣಿಸಲೇ ಇಲ್ಲ, ಜನ ಮೊಬೈಲ್ ತೆಗೆದು ನೋಡುತ್ತಿದ್ದರು.

ನೀವು ಬೇರೆಯಾಗುವ ದೃಶ್ಯದಲ್ಲಿ ಮಾತ್ರ ಒಬ್ಬರೂ ಕೆಮ್ಮಲಿಲ್ಲ. ಒಂದು ಕಿಟಕಿ, ಅಲುಗಾಡದ ಕ್ಯಾಮೆರಾ, ನಿನ್ನ ಮುಖ, ಅಷ್ಟೇ. ಅಜ್ಜಿ ಬಿಕ್ಕಿಬಿಕ್ಕಿ ಅತ್ತರು. ಸಂಜೆ ನಿರ್ದೇಶಕರು ಫೋನ್ ಮಾಡಿ, "ಆ ಒಂದು ಶಾಟು ಇಡೀ ಸಿನಿಮಾನ ಎತ್ತಿಬಿಡ್ತು ಕಣಯ್ಯಾ" ಅಂದರು. ಎಲ್ಲರೂ ನನ್ನನ್ನೇ ಹೊಗಳುತ್ತಿದ್ದಾರೆ. ನನಗೆ ತಲೆ ಎತ್ತಿ ಓಡಾಡಲು ನಾಚಿಕೆ.

ನಿಶ್ಚಯವಾಗಿದ್ದ ನಿನ್ನ ಮದುವೆ ಆ ಶಾಟ್ ತೆಗೆಯುವ ಮೂರು ದಿನದ ಹಿಂದಷ್ಟೇ ಮುರಿದಿತ್ತು. "ಅಪ್ಪಾ, ಇವತ್ತೊಂದಿನ ಬೇಡ, ನಿರ್ದೇಶಕರಿಗೆ ಹೇಳು" ಅಂದೆ ನೀನು. "ಕೆಲಸ ಮಾಡು, ಮನಸ್ಸು ಹಗುರಾಗುತ್ತೆ" ಎಂದು ನಾನು ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿದೆ. ತಪ್ಪಾಯಿತು ಮಗಳೇ.

ನಿನ್ನಮ್ಮನ ಮಂಡಿನೋವು ಈಗ ಪರವಾಗಿಲ್ಲ. ನಿನ್ನ ಕೋಣೆಯ ಪರದೆ ಒಗೆದು ಹಾಕಿದ್ದಾಳೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅವಳಿಗಾಗಿ ಒಮ್ಮೆ ಬಂದು ಹೋಗು. ಎಲ್ಲೇ ಇರು, ನಗುನಗುತ್ತಾ ಇರು ತಾಯಿ.

ನಿನ್ನ
ಅಪ್ಪ

ತಾ.ಕ.: ಆ ಶಾಟಿನ ಕೊನೆಯಲ್ಲಿ ನಿನ್ನ ತುಟಿ ಅಲುಗುತ್ತದೆ. ಅದರ ಮೇಲೆ ಪಿಟೀಲು ಹಾಕಿದ್ದಾರೆ, ಪ್ರಿಯಕರನ ಹೆಸರು ಹೇಳಿದಳೆಂದು ಜನ ಅಂದುಕೊಂಡಿದ್ದಾರೆ. ನೀನು ನನ್ನ ಕಡೆ ನೋಡಿ, "ಅಪ್ಪಾ, ಸಾಕು, ನಿಲ್ಸು" ಅಂದಿದ್ದೆ. ಕೇಳಿಸಲಿಲ್ಲವೆಂದು ಆವತ್ತು ನಿನಗೆ ಹೇಳಿದ್ದು ಸುಳ್ಳು. ಕೇಳಿಸಿತ್ತು. ಬೆಳಕು ತುಂಬಾ ಚೆನ್ನಾಗಿ ಬೀಳುತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲ.