ಬಾಯಿಪಥ್ಯ

ಬಾದಾಮಿ, ಇಸವಿ 2219, ಹದಿಮೂರನೇ ತಿಂಗಳ ಆರನೇ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ನಿಂಬೆವ್ವಳಿಗೆ, ನಿನ್ನ ವಂಶದ ಕುಡಿ ಶಾಂತವೀರವ್ವ ಮಾಡುವ ನಮಸ್ಕಾರಗಳು.

ಹದಿಮೂರನೇ ತಿಂಗಳು ಎಂದರೆ ಗಾಬರಿಯಾಗಬೇಡ, ನಮ್ಮಲ್ಲಿ ಹಾಗೇ ಎಣಿಸುತ್ತಾರೆ. ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಹಿಂದಿನ ಕಾಲಕ್ಕೆ ಹೋಗುವ ನಮ್ಮ ಅಂಚೆಯಲ್ಲಿ ಈ ಕಾಗದ ಮುಟ್ಟುವಾಗ ನಿನಗೆ ನಲವತ್ತು, ನನಗೆ ಎಪ್ಪತ್ತೆರಡು. ಆದ್ದರಿಂದ ಏಕವಚನದಲ್ಲೇ ಮಾತಾಡುತ್ತೇನೆ.

ಕ್ಯಾನ್ಸರ್ ಚಿಕಿತ್ಸೆಯಿಂದ ನಿನ್ನ ಗಂಡನ ಹಸಿವು ಸತ್ತಿದ್ದು, ನೀನು ತುತ್ತು ಹಿಡಿದು ಬೆನ್ನು ಹತ್ತಿದ್ದು, ಅವನು ತಟ್ಟೆ ಕಂಡರೆ ಹಿತ್ತಲಿಗೆ ಓಡಿದ್ದು, ಎಲ್ಲ ನಮ್ಮ ಮನೆಯಲ್ಲಿ ಇಂದಿಗೂ ಹೇಳುವ ಕಥೆ. ನನ್ನ ಯಜಮಾನರು ಸಂಗಪ್ಪನವರಿಗೂ ಅದೇ ರೋಗ ಬಂತು. ರೋಗ ಹೋಯಿತು, ಅದರ ಜೊತೆ ಹಸಿವೂ ಹೋಯಿತು. ಐದು ತಿಂಗಳಲ್ಲಿ ಆಳು ಅರ್ಧವಾದರು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿ, ಹಸಿವೆಣ್ಣೆ ಬರೆದುಕೊಟ್ಟರು. ನಿಮ್ಮ ಕಾಲದಲ್ಲಿ ಹೆಸರೆತ್ತಲೂ ಅಂಜುವ ಗಾಂಜಾ ಗಿಡದ್ದೇ ಅದು. ಚೀಟಿಯಿಲ್ಲದೆ ಒಂದು ಹನಿಯೂ ಸಿಗದು. ಅದೇ ಗಿಡದ ಇನ್ನೊಂದು ಔಷಧಿ, ತಡೆಹನಿ, ಎದುರುಮನೆಯ ಹುಡುಗಿಯ ಫಿಟ್ಸ್ ನಿಲ್ಲಿಸಿದೆ. ಈಗ ಅವಳು ಮರ ಹತ್ತಿ ನಮ್ಮ ಪೇರಲ ಕದಿಯುತ್ತಾಳೆ, ಕಳ್ಳಿ.

ಎಣ್ಣೆಯ ಜೊತೆ ಒಂದು ಪಥ್ಯವಿದೆ. ಅದು ರೋಗಿಗಲ್ಲ, ಬಡಿಸುವವರಿಗೆ. ಬಾಯಿಪಥ್ಯ ಎನ್ನುತ್ತೇವೆ: ಬಡಿಸಿ ಸುಮ್ಮನೆ ಕೂರಬೇಕು, ಉಣ್ಣಿ ಎನ್ನುವಂತಿಲ್ಲ, ಸಾಕಾ ಎನ್ನುವಂತಿಲ್ಲ. ಅವರೇ ಬಾಯಿಬಿಟ್ಟು ಕೇಳಬೇಕು. ಬಂದವರಿಗೆ ಆಣೆ ಹಾಕಿ ಬಡಿಸುವ ನಮ್ಮ ಸೀಮೆಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಅಯ್ಯ ಶಿವನೇ, ಸೆರಗಿನ ತುದಿ ಕಚ್ಚಿ ಕೂರುತ್ತಿದ್ದೆ. ಮೊದಮೊದಲು ಎರಡು ರೊಟ್ಟಿ ಇಟ್ಟೆ, ಎರಡೂ ಹಾಗೇ ಉಳಿದವು. ಆಮೇಲೆ ಒಂದೇ ಬಡಿಯತೊಡಗಿದೆ. ಅದರ ಅಂಚು ಮುರಿದು ಏಳುತ್ತಿದ್ದರು. ಮಿಕ್ಕಿದ್ದು ನನ್ನ ಊಟ.

ಎಣ್ಣೆ ಶುರುಮಾಡಿ ಇವತ್ತು ಹತ್ತೊಂಬತ್ತನೇ ದಿನ. ಮಧ್ಯಾಹ್ನ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಅವರು ಮುರಿದರು, ಅದ್ದಿದರು, ಇಡೀ ರೊಟ್ಟಿ ಮುಗಿಸಿದರು. ನಾನು ಗೋಡೆ ನೋಡುತ್ತ ಕೂತೆ.

“ಯಾಕ, ಒಂದ ರೊಟ್ಟಿಗೆ ಮುಗದ ಹೋತೇನ ನಿನ್ನ ಅಡಗಿ? ಇನ್ನೊಂದ ನೀಡ,” ಎಂದರು.

ಬುಟ್ಟಿ ನೋಡಿದರೆ ಖಾಲಿ. ಐದು ತಿಂಗಳು ಕಾದ ಮಾತು ಬಂದ ದಿನ ನನ್ನ ಮನೆಯಲ್ಲಿ ರೊಟ್ಟಿಯಿಲ್ಲ! ಕೈಯಲ್ಲಿ ಸೌಟು ಹಿಡಿದೇ ಓಣಿಗೆ ಓಡಿದೆ. ಎದುರುಮನೆಯವಳಿಗೆ ಹೇಳಿದ್ದೇ ತಡ, ಓಣಿಯೆಲ್ಲ ರೊಟ್ಟಿ ಹಿಡಿದು ಬಂತು. ಯಜಮಾನರು ತಿಂದದ್ದು ಅರ್ಧ ರೊಟ್ಟಿಯಷ್ಟೇ. ಉಳಿದದ್ದನ್ನು ನಾವೆಲ್ಲ ಅಲ್ಲೇ ಕೂತು ನಗುತ್ತ, ಅಳುತ್ತ ತಿಂದೆವು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ನಿಂಬೆವ್ವ, ಇಂಥ ಔಷಧಿ ನಿಮ್ಮಲ್ಲೂ ಉಂಟೇ ಎಂದು ಡಾಕ್ಟರನ್ನು ನಾಚದೆ ಕೇಳು. ಬೀದಿಯಲ್ಲಿ ಯಾರೋ ಕೊಟ್ಟದ್ದನ್ನು ಮಾತ್ರ ತರಬೇಡ. ಗಂಡನ ಬೆನ್ನು ಬಿಡು, ಬಾಯಿ ಬಿಗಿಹಿಡಿ. ಆದರೆ ನನ್ನಂಥ ದಡ್ಡಿಯಾಗಬೇಡ. ಅವನು ಕೇಳಲಿ, ಕೇಳದಿರಲಿ, ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿದಿಡು.