ಗಾಲಿಚಾದ ಎಡಗಡೆಯ ಮೂಲೆ

ಸೊಲ್ಲಾಪುರ
ಸೋಮವಾರ, 10-2-2025

ಕಾಜಲಳ ಅಪ್ಪನವರಿಗೆ, ಗಂಗುಬಾಯಿಯ ನಮಸ್ಕಾರಗಳು.

ನೀವು ಹೇಗಿದ್ದೀರಿ? ಕಾಗದದಲ್ಲಿ ಕೇಳಬೇಕು ಎಂದು ಕೇಳುವ ಮಾತಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಊಟ ಸೇರುತ್ತಿದೆಯೇ? ಸಲಗರದ ಮಾಳದ ಗಾಳಿಗೆ ಕೆಮ್ಮು ಕಡಿಮೆಯಾಯಿತೇ? ನಿಮ್ಮ ಅಣ್ಣ ಶಂಕರೆಪ್ಪನವರ ಮುರಿದ ಕಾಲು ಕೂಡಿತೇ? ಅವರ ಕುರಿಗಳನ್ನು ನೀವು ಇನ್ನೆಷ್ಟು ದಿನ ಕಾಯಬೇಕು? ಅವರ ಮೊಮ್ಮಗ ಸೋಮೇಶ ನಿಮ್ಮ ಹೆಗಲ ಮೇಲಿಂದ ಇಳಿಯುವುದೇ ಇಲ್ಲ ಎಂದು ಕೇಳಿದೆ. ಮೊದಲಾಗಿದ್ದರೆ ನಗುತ್ತಿದ್ದೆ.

ಇಲ್ಲಿ ನಾವು ಕ್ಷೇಮ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ಕಾಜಲ ಎದುರಿಗೇ ಕುಳಿತು ಕಾಲೇಜಿನದೇನೋ ಓದುತ್ತಿದ್ದಾಳೆ. ಮರಾಠಿ ಸಾಲಿ ಕಲಿತ ಹುಡುಗಿಗೆ ಕನ್ನಡ ಅಕ್ಷರ ಬರುವುದಿಲ್ಲ ಎಂದು ಇಷ್ಟು ವರ್ಷ ಬೈಯುತ್ತಿದ್ದೆ, ಇವತ್ತು ಅದೇ ಒಳ್ಳೆಯದಾಯಿತು. "ಅಪ್ಪಗ ಇಷ್ಟ್ ಉದ್ದ ಏನ್ ಬರ್ಯಾಕತ್ತೀಯವ್ವಾ?" ಎಂದು ಕೇಳಿದಳು. ಗಾಲಿಚಾ ತೊಳೆದದ್ದನ್ನು ಬರೆಯುತ್ತಿದ್ದೇನೆ ಎಂದೆ. ಸುಳ್ಳೇನಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ನಕ್ಕು ಮಾತು ಹಾರಿಸುತ್ತೀರಿ. "ರೇಂಜ್ ಇಲ್ಲ ನೋಡು" ಎಂದು ಇಟ್ಟುಬಿಡುತ್ತೀರಿ. ನಮ್ಮ ಓಣಿಯ ಬಸಯ್ಯನವರು ಇವತ್ತು ಸಲಗರಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ದೇವರ ಜಗಲಿಯ ಬೀರೋಬನ ಮುಂದೆ ನೀವು ಹಾಸಿಕೊಂಡು ಕೂರುವ ಉಣ್ಣೆಯ ಗಾಲಿಚಾಕ್ಕೆ ನುಸಿ ಹತ್ತಿತ್ತು. ಒಂದು ಅಂಚು ಜಾಳುಜಾಳಾಗಿದೆ. ನೀವಿದ್ದರೆ ಮುಟ್ಟಲು ಬಿಡುತ್ತಿರಲಿಲ್ಲ, "ಭಂಡಾರ ಬಿದ್ದದ್ದನ್ನ ಝಾಡಿಸಬ್ಯಾಡ, ಅದು ದೇವರದು" ಎನ್ನುತ್ತಿದ್ದಿರಿ. ಆದರೆ ನುಸಿಗೆ ದೇವರ ಭಯವಿಲ್ಲವಲ್ಲ. ಶುಕ್ರವಾರ ಬೀರೋಬನಿಗೆ ತಪ್ಪಾಯಿತೆಂದು ಕೈಮುಗಿದು, ಮೆತ್ತನೆಯ ಬ್ರಶ್ಶಿನಿಂದ ಭಂಡಾರವನ್ನೆಲ್ಲ ತಾಟಿಗೆ ಎತ್ತಿಕೊಂಡೆ, ಕಾಲಿಗೆ ಸಿಗದಂತೆ ತುಳಸಿಯ ಬುಡಕ್ಕೆ ಹಾಕಿದೆ. ಎಡಗಡೆಯ ಮೂಲೆಯಲ್ಲಿ ಬೆರಳಿನಷ್ಟು ದಪ್ಪವಿತ್ತು. ದೇವರು ನಡುವೆ ಕೂತಿದ್ದಾನೆ, ಇವರು ಮೂಲೆಗೇಕೆ ಇಷ್ಟು ಸುರಿದಿದ್ದಾರೆ ಎಂದು ಆಗಲೇ ಅನಿಸಬೇಕಿತ್ತು, ಅನಿಸಲಿಲ್ಲ.

ಸಾಬೂನಿನ ನೀರು ಹಚ್ಚಿದ ಕೂಡಲೇ ಗಾಲಿಚಾ ಕೆಂಪಗಾಯಿತು. ಅದಕ್ಕೆ ನಾನು ಹೆದರುವವಳಲ್ಲ. ಭಂಡಾರವೆಂದರೂ ಅರಿಶಿಣವೇ ತಾನೇ, ಸಾಬೂನು ಕಂಡರೆ ಅದು ಕೆಂಪಾಗುತ್ತದೆ. ಪಕ್ಕದ ಮನೆಯ ಶುಭಾಂಗಿ ಇದೇ ಕೆಂಪು ನೋಡಿ ಒಮ್ಮೆ ದೇವರು ಮುನಿದನೆಂದು ಅತ್ತಿದ್ದಳು, ನಾವಿಬ್ಬರೂ ನಕ್ಕಿದ್ದೆವು, ನೆನಪಿದೆಯೇ? ಅವಳಿಗೆ ತೋರಿಸಿಕೊಟ್ಟಂತೆಯೇ ಈಗಲೂ ನಿಂಬೆಹಣ್ಣು ಹಿಂಡಿದೆ. ಹುಳಿ ಬಿದ್ದರೆ ಅರಿಶಿಣದ ಕೆಂಪು ತಿರುಗಿ ಹಳದಿಯಾಗುತ್ತದೆ, ಆಮೇಲೆ ಎರಡು ಬಿಸಿಲಿಗೆ ಹಳದಿಯೂ ಹೋಗುತ್ತದೆ. ಎಲ್ಲ ಕಡೆಯೂ ಹಳದಿಯಾಯಿತು. ಎಡಗಡೆಯ ಮೂಲೆ ಆಗಲಿಲ್ಲ.

ಇನ್ನೊಂದು ನಿಂಬೆಹಣ್ಣು ಹಿಂಡಿದೆ. ಆಗಲಿಲ್ಲ. ಎಲೆಯಡಿಕೆಯ ಕಲೆ ಇರಬೇಕು ಎಂದುಕೊಂಡೆ, ನಮ್ಮ ಮನೆಯಲ್ಲಿ ಎಲೆ ಹಾಕುವವರು ಯಾರು? ಚಹಾ ಎಂದುಕೊಂಡೆ, ದೇವರ ಮುಂದೆ ನೀವು ನೀರು ಕೂಡ ಕುಡಿಯುವುದಿಲ್ಲ. ಕೊನೆಗೆ ತಣ್ಣೀರಿನಲ್ಲಿ ಉಪ್ಪು ಕಲಸಿ ಬಿಳಿ ಬಟ್ಟೆ ಒತ್ತಿದೆ. ಬಟ್ಟೆ ತೆಗೆದು ನೋಡಿದೆ, ರಕ್ತ.

ಹನ್ನೆರಡು ವರ್ಷದಿಂದ ಓಣಿಯವರ ಗಾಲಿಚಾ, ಜಮಖಾನೆ ತೊಳೆದುಕೊಡುವವಳು ನಾನು. ಕಲೆ ನೋಡಿಯೇ ಆ ಮನೆಯಲ್ಲಿ ಯಾರ ಕೈ ನಡುಗುತ್ತದೆ, ಯಾವ ಮಗುವಿಗೆ ಹಾಲು ದಕ್ಕುವುದಿಲ್ಲ ಎಂದು ಹೇಳುತ್ತೇನೆ. "ನಮ್ಮ ಮನ್ಯಾಗ ಒಬ್ಬಾಕಿ ಸಿಐಡಿ ಅದಾಳ" ಎಂದು ನೀವೇ ಎಲ್ಲರ ಮುಂದೆ ಹೇಳಿ ನಗುತ್ತಿದ್ದಿರಿ. ದೀಪದ ಬುಡದಲ್ಲೇ ಕತ್ತಲೆ ನೋಡಿ. ಭಂಡಾರ ಹಾಕಿದ ಕಲೆಯನ್ನು ಮಾತ್ರ ನಾನು ನೋಡುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ದಿನವೂ ಆ ಮೂಲೆಗೆ ಬಗ್ಗಿ, ಬೆರಳಿಗೆ ಹತ್ತಿದ ಹಳದಿಯನ್ನು ಹಣೆಗೆ ಹಚ್ಚಿಕೊಂಡು ಹೋಗಿದ್ದೇನೆ. ಏಳು ಕಡೆ ಇತ್ತು. ಎಲ್ಲಕ್ಕಿಂತ ಕೆಳಗಿನದು ಕರಿಯಾಗಿತ್ತು, ಅದು ದೀಪಾವಳಿಯ ಹೊತ್ತಿನದಿರಬೇಕು. ಮೇಲಿನದು ನೀವು ಸಲಗರಕ್ಕೆ ಹೊರಟ ವಾರದ್ದು.

ದೀಪಾವಳಿಯಲ್ಲಿ ಕೆಮ್ಮು ಯಾಕೆಂದು ಕೇಳಿದಾಗ "ಮಗ್ಗದಾಗಿನ ಹತ್ತಿ ಧೂಳ ಹೊಕ್ಕೈತಿ, ಏನೂ ಆಗಿಲ್ಲ ಬಿಡು" ಎಂದಿರಿ. ಕರವಸ್ತ್ರ ಎಲ್ಲಿ ಎಂದರೆ ಕಳೆದುಹೋಯಿತು ಎಂದಿರಿ, ಒಂದಲ್ಲ, ಮೂರು. ಅಂಗಿ ಮೈಮೇಲೆ ಸಡಿಲಾಗುತ್ತಿದೆ ಎಂದು ಕಂಡಾಗಲೂ ಸುಮ್ಮನಿದ್ದೆ. ನನಗೆ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿದೆ. ಅತ್ತೆಯವರು ಹೋದದ್ದೂ ಹೀಗೇ ಅಲ್ಲವೇ? ಅವರು ಸೆರಗಿನಲ್ಲಿ ಮುಚ್ಚಿಟ್ಟರು, ನೀವು ದೇವರ ಭಂಡಾರದಲ್ಲಿ. ಅವರ ಕಾಲ ಮುಗಿದ ಮೇಲೆ ನಮಗೆ ಗೊತ್ತಾಯಿತು.

ಇನ್ನೊಂದು ಹೇಳುತ್ತೇನೆ, ಓಣಿಯವರಿಗೆ ಹೇಳಬೇಡಿ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಾಗಿಸಿದರೆ ಅದು ಎಂದಿಗೂ ಹೋಗುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು. ಕಾಜಲ ಕಾಲೇಜಿನಿಂದ ಬರುವಷ್ಟರಲ್ಲಿ ಹೋಗಬೇಕು, ಅವಳಿಗೆ ಕಾಣಬಾರದು ಎಂಬ ಗಾಬರಿಯಲ್ಲಿ, ಕೊನೆಗೆ ಉಳಿದದ್ದರ ಮೇಲೆ ಸ್ನಾನಕ್ಕೆ ಕಾಯಿಸಿದ ಕುದಿನೀರನ್ನೇ ಸುರಿದುಬಿಟ್ಟೆ. ಉಪ್ಪುನೀರಿಗೆ ಆರು ಹೋಗಿದ್ದವು, ಆ ಒಂದು ಉಳಿಯಿತು. ಇನ್ನು ಅದು ಹೋಗುವುದಿಲ್ಲ. ಅದರ ಮೇಲೆ ಭಂಡಾರವನ್ನು ಮಾತ್ರ ಹಾಕಿಲ್ಲ. ಗಾಲಿಚಾ ಹಾಗೆಯೇ ಬೀರೋಬನ ಮುಂದೆ ಹಾಸಿದ್ದೇನೆ, ಅವನೂ ನೋಡಲಿ.

ನಾನೇನೂ ದೇವರನ್ನು ಬಿಡಿ ಎನ್ನುತ್ತಿಲ್ಲ. ಬೀರೋಬ ಕಾಯುತ್ತಾನೆ, ಆದರೆ ಅವನು ಕುರಿ ಕಾದವನು. ಕುರಿಗೆ ಕೆಮ್ಮು ಬಂದರೆ ನೀವೇ ಅದನ್ನು ಬೇರೆ ಕಟ್ಟಿ, ಹೆಗಲ ಮೇಲೆ ಹೊತ್ತುಕೊಂಡು ದವಾಖಾನೆಗೆ ಹೋಗುತ್ತೀರಿ, ದೊಡ್ಡಿಯ ಮೂಲೆಯಲ್ಲಿ ಮುಚ್ಚಿಡುವುದಿಲ್ಲ. ಬಂದುಬಿಡಿ. ಕುರಿ ಕಾಯಲು ಶಂಕರೆಪ್ಪನವರಿಗೆ ಯಾರಾದರೂ ಸಿಗುತ್ತಾರೆ, ನನಗೆ ನೀವೊಬ್ಬರೇ.

ಶಂಕರೆಪ್ಪನವರಿಗೆ ನಮಸ್ಕಾರ, ಅಕ್ಕನವರಿಗೆ ನಮಸ್ಕಾರ, ಸೋಮೇಶನಿಗೆ ಆಶೀರ್ವಾದ. ಬೀರೋಬ ನಿಮ್ಮ ಬೆನ್ನಿಗಿರಲಿ.

ನಿಮ್ಮ,
ಗಂಗು

ತಾ.ಕ.: ಬಸಯ್ಯನವರು ಬಾಗಿಲಲ್ಲಿ ನಿಂತಿದ್ದಾರೆ, ಬಸ್ಸು ತಪ್ಪುತ್ತದೆಂದು ಬೈಯುತ್ತಿದ್ದಾರೆ. ಬರೆಯುವುದೋ ಬೇಡವೋ ಎಂದುಕೊಂಡು ಮೇಲೆ ಬರೆಯಲಿಲ್ಲ. ಇವತ್ತು ಬೆಳಿಗ್ಗೆ ನಾನೊಬ್ಬಳೇ ಆ ಬಿಳಿ ಬಟ್ಟೆ ಹಿಡಿದುಕೊಂಡು ಸರಕಾರಿ ದವಾಖಾನೆಗೆ ಹೋಗಿದ್ದೆ. ಬಟ್ಟೆ ನೋಡಿ ಏನೂ ಹೇಳಲಾಗದು, ಮನುಷ್ಯನೇ ಬರಬೇಕು ಎಂದರು. ಟೀಬಿ ಆಗಿದ್ದರೆ ಆರು ತಿಂಗಳ ಗುಳಿಗೆಗೆ ಹೋಗುತ್ತದಂತೆ, ತಡ ಮಾಡಬಾರದಂತೆ. ಬೇರೆ ಏನಾದರೂ ಆಗಿದ್ದರೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ತಪಾಸಣೆ ಆಗುವವರೆಗೆ ಸೋಮೇಶನನ್ನು ಹೆಗಲ ಮೇಲೆ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಕೈಮುಗಿಯುತ್ತೇನೆ. ನಿಮಗೆ ಚೀಟಿ ಮಾಡಿಸುವಾಗ ಹೆಸರು ಕೇಳಿದರು. ರೇಶನ್ ಅಂಗಡಿಯಲ್ಲೂ ನಿಮ್ಮ ಹೆಸರನ್ನು ಕಾಜಲಳಿಂದಲೇ ಹೇಳಿಸುವವಳು ನಾನು. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆಯವರು ಬಾಯಿ ಕಟ್ಟಿದ್ದರು. ಅಲ್ಲಿ ಹೇಳಿಸಲು ಯಾರೂ ಇರಲಿಲ್ಲ. ಹೇಳಿದೆ. ಅಮೋಗಸಿದ್ಧ. ಅವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿದರು. ಗುರುವಾರ ಹತ್ತು ಗಂಟೆಗೆ ಆ ಹೆಸರನ್ನು ಕೂಗುತ್ತಾರೆ. ಓ ಎನ್ನಲು ನೀವು ಅಲ್ಲಿರಬೇಕು.