ಕಂಬದ ಪಕ್ಕದ ಜಾಗ

ಹಾರೋಹಳ್ಳಿ,
21-8-2009, ಶುಕ್ರವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಹೊಂಬಾಳೆಯ ನಮಸ್ಕಾರ.

ಇತ್ತ ನಾವೆಲ್ಲ ಕ್ಷೇಮ ಎಂದು ಎರಡನೇ ಸಾಲಿಗೇ ಬರೆಯುವುದು ಪದ್ಧತಿ. ಆ ಸಾಲನ್ನು ಕೊನೆಗೆ ಎತ್ತಿಟ್ಟಿದ್ದೇನೆ, ಈಗಲೇ ಕಾಗದ ತಿರುಗಿಸಿ ನೋಡಬೇಡಿ. ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಮಾಗಡಿಯ ನಿಮ್ಮ ಮಗಳ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದು ಹತ್ತಿ. ಬಿ.ಪಿ. ಮಾತ್ರೆ ನೆನಪಾದ ದಿನ ನುಂಗುವುದಲ್ಲ, ದಿನಾ ನುಂಗಬೇಕು. ಊರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮನ ಅತ್ತೆಯೇ ಮಾತ್ರೆಯನ್ನು ಎಲೆಅಡಿಕೆ ಚೀಲದಲ್ಲಿ ಬಚ್ಚಿಡುತ್ತಾರೆ ಎಂದು ಗೊತ್ತಾದರೆ ನನ್ನ ಮಾನ ಏನಾಗಬೇಕು? ನೀವು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಲೆಂದೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮ ಮಗನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ, ಆಮೇಲೆ ನನ್ನ ಫೋನನ್ನೂ ಎತ್ತುವುದಿಲ್ಲ. ನಾಳೆ ಗೌರಿ. ನಾದಿನಿಯ ಬಾಗಿನವನ್ನು ಈ ಸಲ ಇವರು ತರುತ್ತಿಲ್ಲ, ಮಾಗಡಿ ಬಸ್ಸಿನ ಕಂಡಕ್ಟರ್ ನಜೀರ್ ಕೈಯಲ್ಲಿ ಕಳಿಸಿದ್ದೇವೆ. ಕಾಗದವೂ ಅದರ ಜೊತೆಗೇ ಬಂದಿದೆ. ಅಣ್ಣ ಏಕೆ ಬರಲಿಲ್ಲ ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡರೆ ಸಮಾಧಾನ ಹೇಳಿ.

ಮನೆಗೆ ಬನ್ನಿ ಎಂದು ಗೋಗರೆಯಲು ಈ ಕಾಗದ ಬರೆಯುತ್ತಿಲ್ಲ, ಹೆದರಬೇಡಿ. ಮಾವನವರು ನಿಮಗೆಂದೇ ಕಟ್ಟಿಸಿದ ಮುಂದಿನ ರೂಮಿಗೆ ನಿಮ್ಮ ಮಗ ರಸ್ತೆ ಕಡೆಯಿಂದ ಬಾಗಿಲು ಇಡಿಸಿ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಟ್ಟಾಗ ನೀವು ಒಂದು ಮಾತೂ ಜಗಳ ಆಡಲಿಲ್ಲ. "ಅವ್ವ ನಡುಮನೇಲಿ ಮಲಗ್ಲಿ, ಬೆಚ್ಚಗಿರ್ತದೆ" ಎಂದು ಇವರು ಅಂದರು, ಊರಲ್ಲೆಲ್ಲ ರೂಮು ಬಾಡಿಗೆಗೆ ಹೋಗುತ್ತಿರುವಾಗ ನಮ್ಮದೇಕೆ ಸುಮ್ಮನೆ ಬಿದ್ದಿರಬೇಕು ಎಂದು ನಾನೂ ತಲೆಯಾಡಿಸಿದೆ. ಯುಗಾದಿ ಕಳೆದ ಮೇಲೆ ನೀವು ಟ್ರಂಕು ಹಿಡಿದು ಬಸ್ಸು ಹತ್ತಿದಿರಿ. "ನಂಗೂ ಒಂದ್ ಮೂಲೆ ಅಂತ ಇತ್ತು" ಎಂದಿರಿ, ಅಷ್ಟೇ. ಆ ಮಾತಿಗೆ ಅವತ್ತು ನನಗೆ ಸಿಟ್ಟು ಬಂದಿತ್ತು ಅತ್ತೆ. ನಡುಮನೆಯಷ್ಟು ದೊಡ್ಡ ಜಾಗ ಇರುವಾಗ ಮೂಲೆಗೇಕೆ ಇಷ್ಟು ರಂಪ ಎನ್ನಿಸಿತ್ತು.

ಇಲ್ಲಿಯ ಸುದ್ದಿ ಹಂದಿ ಜ್ವರದ್ದು. ಟಿ.ವಿ.ಯಲ್ಲಿ ನೀವೂ ನೋಡಿರುತ್ತೀರಿ. ಈ ತಿಂಗಳ ಮೊದಲ ವಾರ ಕನಕಪುರದಲ್ಲಿ ನಮಗೆಲ್ಲ ಮೀಟಿಂಗ್ ಇಟ್ಟಿದ್ದರು. ದೊಡ್ಡ ಸಾಹೇಬರು ಓದಿದರು: ಜ್ವರ, ಕೆಮ್ಮು ಇದ್ದವರು ಏಳು ದಿನ ತಮ್ಮ ಮನೆಯ ಪ್ರತ್ಯೇಕ ಕೋಣೆಯಲ್ಲಿ ಇರತಕ್ಕದ್ದು. ಎಲ್ಲರೂ ಬರೆದುಕೊಂಡರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಎದ್ದು ನಿಂತು "ಮನೆ ಇಲ್ಲದವರು ಏನ್ಮಾಡ್ಬೇಕು ಸಾರ್?" ಎಂದುಬಿಟ್ಟೆ. ಫ್ಯಾಕ್ಟರಿಗಳು ಬಂದ ಮೇಲೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು ಎಷ್ಟು ಹೆಚ್ಚಿದ್ದಾರೆ ನಿಮಗೇ ಗೊತ್ತು. ಸಾಹೇಬರು ಪೆನ್ನು ಕೆಳಗಿಟ್ಟು, "ಒಳ್ಳೇ ಪ್ರಶ್ನೆ ಸಿಸ್ಟರ್. ನೀವೇ ಒಂದು ಪ್ಲಾನ್ ಮಾಡಿ" ಎಂದರು. "ನಿನ್ ಬಾಯೇ ನಿಂಗೆ ಕೆಲ್ಸ ತತ್ತದೆ ಕಣೆ" ಎಂದು ನೀವು ಮದುವೆಯಾದ ಹೊಸತರಲ್ಲೇ ಹೇಳಿದ್ದಿರಿ.

ಜಾಗ ಹುಡುಕಿ ಹುಡುಕಿ ಕಾಲು ಬಿದ್ದುಹೋದವು. ಕಲ್ಯಾಣ ಮಂಟಪದವರು, ಆಮೇಲೆ ನಮ್ಮಲ್ಲಿ ಯಾರಮ್ಮ ಮದುವೆ ಮಾಡುತ್ತಾರೆ ಎಂದರು. ಒಂದು ಫ್ಯಾಕ್ಟರಿಯ ಖಾಲಿ ಶೆಡ್ಡು ಕೇಳಲು ಹೋದರೆ ಗೇಟಿನಲ್ಲೇ ನಿಲ್ಲಿಸಿ ವಾಪಸು ಕಳಿಸಿದರು. ಕೊನೆಗೆ ಸಿಕ್ಕಿದ್ದು ನೀವು ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ರೇಷ್ಮೆಯ ಮರಿಹುಳು ತರುತ್ತಿದ್ದಿರಲ್ಲ, ಹುಳು ಸಾಕಿ ಕೊಡುತ್ತಿದ್ದ ಅದೇ ಹಳೇ ಚಾಕಿ ಕಟ್ಟಡ. ಸುತ್ತಲಿನ ಹಿಪ್ಪುನೇರಳೆ ತೋಟವೆಲ್ಲ ಫ್ಯಾಕ್ಟರಿ ಕಾಂಪೌಂಡ್ ಆದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ನಾವೇ ಗುಡಿಸಿ ಸುಣ್ಣ ಹೊಡೆದೆವು, ಹಳೆಯ ಸೀರೆಗಳನ್ನು ಹಗ್ಗಕ್ಕೆ ಹಾಕಿ ಮರೆ ಮಾಡಿದೆವು. ನಿಮ್ಮ ಹಸಿರು ಸೀರೆಯೂ ಒಂದು ಹೋಯಿತು, ಬೈಯಬೇಡಿ. ಶಾಲೆಯ ಬಿಸಿಯೂಟದ ಪಾತ್ರೆ ಬಂತು, ಇಮಾಮ್ ಸಾಬರು ಊಟ ತಲುಪಿಸಲು ತಮ್ಮ ಆಟೋ ಕೊಟ್ಟರು. ನಾನು ಪ್ಲಾನನ್ನು ನೀಟಾಗಿ ಬರೆದು ಕಳಿಸಿದೆ: ಮೊದಲು ಜನರನ್ನು ಕರೆತರುವುದು, ಆಮೇಲೆ ಹಾಸಿಗೆ, ಊಟ, ಮಾತ್ರೆ, ಅದರ ಹಿಂದೆಯೇ ಬಸ್‌ಸ್ಟ್ಯಾಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸುವುದು. ಸಾಹೇಬರು ಭೇಷ್ ಎಂದರು. ನನಗೂ ಒಳಗೊಳಗೇ ಜಂಭ ಬಂದಿತ್ತು.

ಗಂಗಹನುಮಯ್ಯ ನಿಮಗೆ ನೆನಪಿರಬೇಕು, ಈಗ ಫ್ಯಾಕ್ಟರಿಗಳಿರುವ ಕಡೆ ಹಿಂದೆ ಊರ ದನ ಕಾಯುತ್ತಿದ್ದವರು. ದನ ಹೋದ ಮೇಲೆ ಅಲ್ಲೇ ವಾಚ್‌ಮನ್ ಆಗಿದ್ದರು. ಯೂನಿಫಾರ್ಮಿನ ಸೆಕ್ಯುರಿಟಿಯವರು ಬಂದ ಮೇಲೆ ಆ ಕೆಲಸವೂ ಹೋಯಿತು, ಹೆಂಡತಿಯೂ ತೀರಿಕೊಂಡರು. ಈಗ ಬಸ್‌ಸ್ಟ್ಯಾಂಡಿನಲ್ಲಿ ಕನಕಪುರದ ಬಸ್ಸು ನಿಲ್ಲುವ ಕಡೆ ಕಂಬದ ಪಕ್ಕ ಮಲಗುತ್ತಾರೆ. ಮೊದಲು ಜ್ವರ ಬಂದದ್ದು ಅವರಿಗೇ. ಬಾಳೆಹಣ್ಣಿನ ಗಾಡಿಯ ಹಬೀಬ್ ಬಂದು ಹೇಳಿದ, ನಾನು ಓಡಿದೆ. ಕಣ್ಣು ಕೆಂಡವಾಗಿದ್ದವು, ಕೆಮ್ಮಿದರೆ ಮೈಯೆಲ್ಲ ಅಲ್ಲಾಡುತ್ತಿತ್ತು. ಚಾಕಿ ಕಟ್ಟಡಕ್ಕೆ ಬನ್ನಿ, ಹಾಸಿಗೆ ಇದೆ, ಬಿಸಿನೀರಿದೆ ಎಂದರೆ ಅವರು ಕಂಬವನ್ನೇ ನೋಡುತ್ತಾರೆ. "ಬತ್ತೀನಿ ಕಣವ್ವ. ಜಾಗ ಹೋಯ್ತದಲ್ಲ?" ಎಂದರು. ಅಲ್ಲಿಗೆ ಎರಚಲು ಬಡಿಯುವುದಿಲ್ಲ, ಹೋಟೆಲಿನ ದೀಪದ ಬೆಳಕು ಬೀಳುತ್ತದೆ, ಬೆನ್ನಿಗೆ ಕಂಬವಿದೆ. ಅದನ್ನು ಗಿಟ್ಟಿಸಲು ಅವರಿಗೆ ಎರಡು ಮಳೆಗಾಲ ಹಿಡಿದಿತ್ತಂತೆ. ನನಗೆ ನಗು ಬಂತು. ಬಸ್ಸಿನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ ನಿಮ್ಮ ಗಂಟನ್ನು ಇಟ್ಟು ಬನ್ನಿ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಎಂದೆ. ಚಾಪೆ ಸುತ್ತಿ, ಗಂಟನ್ನು ಅದರ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ ಬಂದರು. ಅವರನ್ನು ನೋಡಿ ಜ್ವರ ಬಂದಿದ್ದ ಉಳಿದವರೂ ಬಂದರು.

ಮಾರನೆಯ ದಿನ ನನ್ನ ಪ್ಲಾನಿನ ಪ್ರಕಾರವೇ ಪಂಚಾಯಿತಿಯ ಟ್ರ್ಯಾಕ್ಟರ್ ಬಂತು. ಬ್ಲೀಚಿಂಗ್ ಹಾಕಿ ತೊಳೆದರು, ಬಿದ್ದಿದ್ದ ಗಂಟುಗಳನ್ನೆಲ್ಲ ಕಸ ಎಂದು ತುಂಬಿಕೊಂಡು ಹೋದರು. ಅವರ ತಪ್ಪಿಲ್ಲ. ತೊಳೆಸಿ ಎಂದು ಬರೆದವಳೂ ನಾನೇ, ಗಂಟು ಬಿಟ್ಟು ಬನ್ನಿ ಎಂದವಳೂ ನಾನೇ. ಸಂಜೆಗೆ ಕಂಬದ ಪಕ್ಕ ಬೇರೆ ಯಾರೋ ಗೋಣಿಚೀಲ ಹಾಸಿದ್ದರು. ಊಟ ತಂದ ಇಮಾಮ್ ಸಾಬರು ಬಾಯಿತಪ್ಪಿ ಈ ಸುದ್ದಿ ಹೇಳಿದ್ದೇ ತಡ, ಗಂಗಹನುಮಯ್ಯ ತಟ್ಟೆ ಬಿಟ್ಟು ಎದ್ದು ಹೋದರು. ಅವರ ಹಿಂದೆ ಉಳಿದವರೂ ಹೊರಟರು. ನಾನು ಹೋಗಿ ನೋಡುತ್ತೇನೆ, ತುಂತುರು ಮಳೆಯಲ್ಲಿ ಜ್ವರದ ಮೈಯಲ್ಲಿ ನಿಂತು ಕಂಬದ ಕಡೆ ನೋಡುತ್ತಿದ್ದಾರೆ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ನೀನ್ ಏಳ್ ದಿನಕ್ಕೆ ಮನೆ ಕೊಟ್ಟೆ ಕಣವ್ವ. ಮಿಕ್ಕಿದ್ ದಿನಕ್ಕೆ ಏನ್ ಮಾಡ್ಲಿ?" ಎಂದರು. ಸರ್ಕಾರಿ ಕೆಲಸಕ್ಕೆ ಸೇರಿ ಇಷ್ಟು ವರ್ಷವಾಯಿತು, ಯಾರ ಮುಂದೆಯೂ ಅಷ್ಟು ನಾಚಿಕೆಯಾಗಿರಲಿಲ್ಲ.

ಮನೆಗೆ ಬಂದು ಪಾತ್ರೆ ಪರಡಿಯ ಮೇಲೆಲ್ಲ ಸಿಟ್ಟು ತೀರಿಸಿಕೊಂಡೆ. ಇವರು ಶಿಫ್ಟು ಮುಗಿಸಿ ಊಟಕ್ಕೆ ಕೂತಿದ್ದರು, ಎಲ್ಲ ಕೇಳಿದರು. ನಿಮ್ಮ ಮಗನ ಸ್ವಭಾವ ಗೊತ್ತಲ್ಲ, ಸಮಾಧಾನ ಹೇಳುವ ಜಾಯಮಾನವಲ್ಲ. ಕೈ ತೊಳೆದು, ಟವಲು ಹೆಗಲಿಗೆ ಹಾಕಿಕೊಂಡು ಹೊರಟರು. ಗೋಣಿಚೀಲದವನಿಗೆ ಹಬೀಬನ ಗಾಡಿಯ ಮಗ್ಗುಲಲ್ಲಿ ಜಾಗ ಮಾಡಿಕೊಟ್ಟು, ಕಂಬಕ್ಕೆ ಬೆನ್ನು ಕೊಟ್ಟು ಕೂತೇಬಿಟ್ಟರು. "ಇದು ಗಂಗಣ್ಣನ್ ಜಾಗ, ಅವ್ರು ಬರಗಂಟ ನಾನ್ ಕಾಯ್ತೀನಿ" ಎಂದರಂತೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಗಂಗಹನುಮಯ್ಯ ಆಟೋ ಹತ್ತಿದ್ದು. ಅಂದಿನಿಂದ ಹಗಲೆಲ್ಲ ಹಬೀಬ್ ಗಾಡಿಯನ್ನು ಕಂಬಕ್ಕೆ ಒತ್ತಿ ನಿಲ್ಲಿಸುತ್ತಿದ್ದ, ಶಿಫ್ಟು ಬಿಟ್ಟ ಮೇಲೆ ಬೆಳಗಾಗುವ ತನಕ ಇವರು ಕೂರುತ್ತಿದ್ದರು. ಉಳಿದವರ ಜಾಗಗಳಿಗೂ ಹೋಟೆಲಿನವರು, ಹೂವಿನವರು ಒಬ್ಬೊಬ್ಬರು ಒಪ್ಪಿಕೊಂಡರು. ಇವರ ಜೊತೆ ಕೆಲಸ ಮಾಡುವವರು "ಏನ್ಲಾ ಲೋಕೇಶ, ಎಂಡ್ರು ಮನೆಯಿಂದ ಓಡಿಸ್ಬುಟ್ಲಾ?" ಎಂದು ರೇಗಿಸಿದರೂ ಏಳಲಿಲ್ಲ. ಬರುವವರ ಜಾಗ ಕಾಯಲು ಜನ ಬೇಕು ಎಂದು ನಾನು ಪ್ಲಾನಿಗೆ ಸೇರಿಸಿದೆ. ಇದು ಯಾವ ಖರ್ಚಿಗೆ ಬರುತ್ತದೆ ಎಂದು ಸಾಹೇಬರು ಕೇಳಿದರು. ಯಾವುದಕ್ಕೂ ಬರುವುದಿಲ್ಲ ಸಾರ್, ಆದರೆ ಇದಿಲ್ಲದಿದ್ದರೆ ಯಾರೂ ಬರುವುದಿಲ್ಲ ಎಂದೆ.

ಹೀಗೇ ಎರಡು ಮೂರು ದಿನ ಕೂತು ಬಂದ ಮೇಲೆ ಒಂದು ಬೆಳಗ್ಗೆ ಇವರು ಒಳಗೆ ಬರದೆ ನಿಮ್ಮ ರೂಮಿನ ಬಾಗಿಲಲ್ಲೇ ನಿಂತರು. "ಅಲ್ಲಿ ಕೂತ್ರೆ ಗೊತ್ತಾಯ್ತದೆ ಕಣೆ. ಯಾರ್ ಬಂದ್ರೂ ಎಬ್ಬಿಸ್ಬುಡ್ತಾರೇನೋ ಅಂತ ಎದೆ ಹೊಡ್ಕತದೆ. ಅವ್ವಂಗೂ ಹಂಗೇ ಆಗಿರ್ತದೆ" ಎಂದರು. ಅಷ್ಟೇ ಮಾತು. ಮಾರನೆಯ ದಿನ ಸ್ನೇಹಿತ ಬೀರೇಶನ ಮಹಡಿಯ ರೂಮನ್ನು ಆ ಫ್ಯಾಕ್ಟರಿ ಹುಡುಗರಿಗೆ ಗೊತ್ತುಮಾಡಿ, ಅವರ ಪೆಟ್ಟಿಗೆಗಳನ್ನು ತಾವೇ ಹೊತ್ತು ಹಾಕಿ ಬಂದರು. ಈ ಜ್ವರದ ಕಾಲದಲ್ಲಿ ಯಾರನ್ನೂ ಬೀದಿಗೆ ಬಿಡಲಿಲ್ಲ, ಚಿಂತೆ ಬೇಡ. ಅಟ್ಟದ ಮೇಲಿದ್ದ ನಿಮ್ಮ ಮಂಚ ಇಳಿಸಿ ನವಾರು ಬಿಗಿದರು. ಬಾ ಅವ್ವ ಎಂದು ಹೇಳುವ ಬಾಯಿ ಮಾತ್ರ ಅವರಿಗಿಲ್ಲ, ನಿಮ್ಮ ಮಗನಲ್ಲವೇ.

ಗಂಗಹನುಮಯ್ಯ ಹುಷಾರಾದರು. ಕಟ್ಟಡದಿಂದ ಹೊರಟವರು ನೇರ ಕಂಬದ ಹತ್ತಿರ ಹೋಗಿ, ಇವರ ಮುಂದೆ ನಿಂತು, "ಎದ್ದೇಳಪ್ಪ, ನನ್ ಜಾಗ" ಎಂದು ಗದರಿದರಂತೆ. ಥ್ಯಾಂಕ್ಸ್ ಇಲ್ಲ, ಏನಿಲ್ಲ. ಇವರು ನಗುತ್ತಾ ಎದ್ದು ಬಂದರು. ಎಷ್ಟೋ ದಿನಗಳ ಮೇಲೆ ಆ ನಗು ನೋಡಿ ನನಗೆ ಅಳು ಬಂತು. ಕಂಬದ ಪಕ್ಕ ಮಲಗುವುದು ಒಳ್ಳೆಯದಲ್ಲ ಎಂದು ನನಗೆ ಗೊತ್ತಿಲ್ಲವೇ? ಅವರಿಗೊಂದು ಸೂರು ಬೇಕೆಂದು ಅರ್ಜಿ ಹಾಕಿದ್ದೇನೆ, ಅದು ಬರುವ ತನಕ ಇರುವ ಜಾಗವಾದರೂ ಉಳಿದಿದೆ. ಚಾಕಿ ಕಟ್ಟಡದಲ್ಲಿ ಇನ್ನೂ ಮೂವರಿದ್ದಾರೆ, ಹೊಸ ಸಿಸ್ಟರ್ ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಅವಳು ಮಾತ್ರೆ ಹೊತ್ತಿಗೆ ಕೊಟ್ಟಳೋ ಇಲ್ಲವೋ, ಬಿಸಿನೀರು ಕಾಯಿಸಿದಳೋ ಇಲ್ಲವೋ ಎಂದು ಇಲ್ಲಿ ಕೂತಲ್ಲಿ ಕೂರಲಾಗದೆ ಕಿಟಕಿಗೂ ಬಾಗಿಲಿಗೂ ತಿರುಗುತ್ತಿದ್ದೇನೆ.

ನಾದಿನಿಗೆ ಗೌರಿಯ ಶುಭ ಹಾರೈಕೆ, ಮನೆಯವರಿಗೆಲ್ಲ ನಮ್ಮ ನೆನಪು. ನೀವು ಒಂದು ಹಿಡಿ ಅಕ್ಷತೆಯನ್ನು ಹಾರೋಹಳ್ಳಿಯ ದಿಕ್ಕಿಗೂ ಹಾಕಿ. ನಜೀರನ ಬಸ್ಸು ಬರುವ ಹೊತ್ತಾಯಿತು.

ನಿಮ್ಮ ಸೊಸೆ,
ಹೊಂಬಾಳೆ

ಎತ್ತಿಟ್ಟ ಸಾಲು: ಇತ್ತ ನಾನು ಕ್ಷೇಮವಿಲ್ಲ ಅತ್ತೆ. ಬುಧವಾರದಿಂದ ಜ್ವರ, ಕೆಮ್ಮು. ಗಂಟಲ ದ್ರವ ಬೆಂಗಳೂರಿಗೆ ಹೋಗಿದೆ, ಇನ್ನೂ ಏನೂ ಹೇಳಿಲ್ಲ. ಅದಕ್ಕೇ ಇವರು ಮಾಗಡಿಗೆ ಬರಲಿಲ್ಲ. ನಾನು ಈ ಕಾಗದ ಬರೆದದ್ದು ನಿಮ್ಮ ರೂಮಿನಲ್ಲಿ, ನಿಮ್ಮ ಮಂಚದ ಮೇಲೆ ಕೂತು. ಕಾಗದವನ್ನು ಇವರು ಬಿಸಿಲಿಗೆ ಹಿಡಿದು ಕವರಿಗೆ ಹಾಕುತ್ತಾರೆ, ಓದಿ ಸೋಪಿನಲ್ಲಿ ಕೈ ತೊಳೆದುಕೊಳ್ಳಿ. ಸಿರಿ ಕಿಟಕಿಯ ಆಚೆ ನಿಂತು, ಅಪ್ಪ ಹಾಕಿದ ಸೊಟ್ಟ ಜಡೆ ತೋರಿಸಿ, ಅಜ್ಜಿ ಯಾವಾಗ ಬರ್ತದೆ ಎನ್ನುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ. ನನ್ನನ್ನು ಬೆಂಗಳೂರಿಗೆ ಸಾಗಿಸುವ ಹಾಗಾದರೆ ಇವರೇ ಫೋನು ಮಾಡುತ್ತಾರೆ, ದನಿ ಕೇಳಿ ಇಡಬೇಡಿ, ಸಿರಿಯ ಹತ್ತಿರ ಬಂದುಬಿಡಿ. ಹಾಗೇನೂ ಆಗದಿದ್ದರೆ ಮಂಗಳವಾರಕ್ಕೆ ನನ್ನ ಏಳು ದಿನ ಮುಗಿಯುತ್ತದೆ. ಬುಧವಾರ ಮೊದಲ ಬಸ್ಸಿಗೆ ಬಂದು ಈ ಬಾಗಿಲಲ್ಲಿ ನಿಂತು, ಎದ್ದೇಳೇ ಹೊಂಬಾಳೆ, ನನ್ ಜಾಗ ಎಂದು ಗದರಿ. ನೀವು ಬಂದು ಎಬ್ಬಿಸುವ ತನಕ ನಾನು ಏಳುವುದಿಲ್ಲ.